ಕೆನ್ನೆಯ ಮಿನುಗಿನಿಂದ ಹುಟ್ಟಿದ ಗ್ಲಾಮ್ ರಾಕ್

ನಿಮಗಿದು ಗೊತ್ತೆ?

● ಮಿನುಗುವ ವೇಷ ತೊಟ್ಟು ಹಾಡುವ ರಾಕ್ ಸಂಗೀತ ಶೈಲಿಯಾದ ಗ್ಲಾಮ್ ರಾಕ್‌ನ ಮೊದಲ ತಾರೆ ಎನಿಸಿದ ಮಾರ್ಕ್ ಬೋಲನ್‌ನ ನಿಜ ಹೆಸರು ಮಾರ್ಕ್ ಫೆಲ್ಡ್. ಹುಟ್ಟಿದ್ದು 1947ರಲ್ಲಿ, ಲಂಡನ್ನಿನ ಹ್ಯಾಕ್ನಿಯಲ್ಲಿ.

● 1967ರಲ್ಲಿ ಅವನು ಕಟ್ಟಿದ ತಂಡಕ್ಕೆ ಡೈನೊಸಾರ್ ಹೆಸರು: ಟೈರನೊಸಾರಸ್ ರೆಕ್ಸ್. ಹೆಸರು ದೈತ್ಯನದಾದರೂ ತಂಡದಲ್ಲಿದ್ದವರು ಇಬ್ಬರೇ! 1970ರಲ್ಲಿ ಹೆಸರು 'ಟಿ. ರೆಕ್ಸ್' ಎಂದು ಕುಗ್ಗಿತು, ತಂಡ ಹಿಗ್ಗಿತು, ಎಲೆಕ್ಟ್ರಿಕ್ ಗಿಟಾರ್ ಅಬ್ಬರಿಸಿತು.

● 1971ರಲ್ಲಿ 'ಹಾಟ್ ಲವ್' ಹಾಡಲು ಬಿಬಿಸಿಯ 'ಟಾಪ್ ಆಫ್ ದಿ ಪಾಪ್ಸ್' ಕಾರ್ಯಕ್ರಮಕ್ಕೆ ಬಂದ ಬೋಲನ್ ಸ್ಯಾಟಿನ್ ಉಡುಪು ತೊಟ್ಟು, ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡಿದ್ದ. ಗ್ಲಾಮ್ ರಾಕ್ ಯುಗ ಶುರುವಾದದ್ದು ಅಲ್ಲಿಂದಲೇ ಎನ್ನುವವರು ಬಹಳ. ಹಾಡು ಬ್ರಿಟನ್ನಿನಲ್ಲಿ 6 ವಾರ ಮೊದಲ ಸ್ಥಾನ ಬಿಟ್ಟಿಳಿಯಲಿಲ್ಲ.

● 1971–72ರಲ್ಲಿ ತಂಡದ 4 ಹಾಡುಗಳು ಬ್ರಿಟನ್ನಿನಲ್ಲಿ ಅಗ್ರಸ್ಥಾನಕ್ಕೇರಿದವು. ತಂಡದ ಮೇಲಿನ ಅಭಿಮಾನಿಗಳ ಹುಚ್ಚಿಗೆ ಪತ್ರಿಕೆಗಳು ಇಟ್ಟ ಹೆಸರು 'ಟಿ. ರೆಕ್ಸ್‌ಟಸಿ'.

● ತಂಡದ ಕುರಿತ 'ಬಾರ್ನ್ ಟು ಬೂಗಿ' (1972) ಚಿತ್ರದ ನಿರ್ದೇಶಕ ಬೇರಾರೂ ಅಲ್ಲ, ಬೀಟಲ್ಸ್‌ನ ಡ್ರಮ್ಮರ್ ರಿಂಗೊ ಸ್ಟಾರ್!

● ಹಾಡುಗಳಲ್ಲಿ ಪದೇ ಪದೇ ಕಾರುಗಳನ್ನು ತಂದ ಬೋಲನ್ ಕಾರು ಓಡಿಸಲು ಕಲಿಯಲೇ ಇಲ್ಲ. ವಿಧಿಯಾಟ ನೋಡಿ: 1977ರ ಸೆಪ್ಟೆಂಬರ್ 16ರಂದು, 30 ತುಂಬಲು ಎರಡೇ ವಾರ ಇದ್ದಾಗ, ಲಂಡನ್ನಿನಲ್ಲಿ ಕಾರು ಅಪಘಾತದಲ್ಲೇ ಅವನು ತೀರಿಕೊಂಡ. ಅವನು ಹೋದ ಎಷ್ಟೋ ವರ್ಷಗಳ ಮೇಲೆ, 2020ರಲ್ಲಿ, ಟಿ. ರೆಕ್ಸ್ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಸೇರಿತು.