ಕೀಲಿಮಣೆಯಿಂದ ಬರುವುದು ಸಂಖ್ಯೆಯಲ್ಲ

ಪೈಥಾನ್ ಕಲಿಯಲು ಕೂತವರು ಮೊದಮೊದಲು ಬರೆಯುವುದು ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ. 5 ಮತ್ತು 7 ಕೊಟ್ಟರೆ ಪರದೆಯ ಮೇಲೆ 57 ಬರುತ್ತದೆ. ಕಂಪ್ಯೂಟರ್ ಲೆಕ್ಕ ತಪ್ಪಿಲ್ಲ. ಅಂಕಿ ಒತ್ತಿದರೆ ಸಂಖ್ಯೆಯೇ ಒಳಗೆ ಹೋಗುತ್ತದೆ ಎಂಬ ನಮ್ಮ ನಂಬಿಕೆ ತಪ್ಪು. ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಯಾವಾಗಲೂ ತಂದುಕೊಡುವುದು ಅಕ್ಷರಗಳ ಸಾಲನ್ನು, ಅಂದರೆ ಸ್ಟ್ರಿಂಗನ್ನು. ಎರಡು ಸ್ಟ್ರಿಂಗ್‌ಗಳ ನಡುವೆ ಪ್ಲಸ್ ಬಂದರೆ ಅವು ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಇಂಟ್ ಬಳಸಿ ಪರಿವರ್ತಿಸಿದರೆ ಮಾತ್ರ ಉತ್ತರ 12. ಈ ಇಂಟ್ ಕನ್ನಡ ಅಂಕಿಗಳನ್ನೂ ಓದುತ್ತದೆ. ೧೨ ಎಂದು ಟೈಪ್ ಮಾಡಿದರೂ ಅದಕ್ಕೆ ಹನ್ನೆರಡೇ. ನಮ್ಮ ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಸಿ ಕಲಿಯುವವರ ದೂರು ಬೇರೆ: ‘ಸ್ಕ್ಯಾನ್‌ಎಫ್ ಎರಡನೇ ಪ್ರಶ್ನೆಗೆ ನಿಲ್ಲುವುದೇ ಇಲ್ಲ, ಕಂಪೈಲರ್ ಕೆಟ್ಟಿದೆ.’ ಕೆಟ್ಟಿಲ್ಲ. ವಯಸ್ಸು 18 ಎಂದು ಕೊಟ್ಟು ಎಂಟರ್ ಒತ್ತಿದಾಗ ಸ್ಕ್ಯಾನ್‌ಎಫ್ 18ನ್ನು ಎತ್ತಿಕೊಂಡು ಎಂಟರನ್ನು ಅಕ್ಷರಗಳು ಕಾಯುವ ತಾತ್ಕಾಲಿಕ ಜಾಗವಾದ ಬಫರ್‌ನಲ್ಲೇ ಬಿಡುತ್ತದೆ. ಮುಂದೆ ಒಂದು ಅಕ್ಷರ ಕೇಳಿದರೆ ಅದಕ್ಕೆ ಸಿಗುವುದು ಆ ಉಳಿದ ಎಂಟರೇ. ಇದಕ್ಕೆ ಪರಿಹಾರವೆಂದು, ಬಫರ್ ಖಾಲಿ ಮಾಡಲು ಅನೇಕರು ಎಫ್‌ಫ್ಲಶ್‌ಗೆ ಎಸ್‌ಟಿಡಿಇನ್ ಕೊಡುತ್ತಾರೆ. ಇನ್‌ಪುಟ್ ಮೇಲೆ ಎಫ್‌ಫ್ಲಶ್ ಏನು ಮಾಡಬೇಕೆಂದು ಸಿ ಸ್ಟ್ಯಾಂಡರ್ಡ್ ಹೇಳಿಯೇ ಇಲ್ಲ. ಒಂದು ಕಂಪೈಲರ್‌ನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯದು. ಅದರ ಬದಲು ಸ್ಕ್ಯಾನ್‌ಎಫ್‌ನಲ್ಲಿ ಪರ್ಸೆಂಟ್ ಸಿಗೆ ಮೊದಲು ಒಂದು ಸ್ಪೇಸ್ ಬಿಟ್ಟರೆ ಸಾಕು.

ಸ್ಕ್ಯಾನ್‌ಎಫ್ ತಾನು ಎಷ್ಟು ಮೌಲ್ಯ ಓದಿದೆ ಎಂದು ಹಿಂತಿರುಗಿಸಿ ಹೇಳುತ್ತದೆ ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ವಯಸ್ಸು ಕೇಳಿದಾಗ ಹೆಸರು ಬರೆದರೆ ಅದು 0 ಕೊಡುತ್ತದೆ, ಅಕ್ಷರಗಳು ಬಫರ್‌ನಲ್ಲೇ ಕೂತಿರುತ್ತವೆ. ಮತ್ತೆ ಮತ್ತೆ ಕೇಳುವ ಲೂಪ್ ನಿಲ್ಲದೆ ಸುತ್ತುವುದು ಇದರಿಂದಲೇ.

ಇಡೀ ಸಾಲನ್ನು ಓದುವ ಗೆಟ್ಸ್‌ನ ವಿಷಯದಲ್ಲಿ ಚರ್ಚೆಯೇ ಬೇಡ. ಎಷ್ಟು ಅಕ್ಷರ ಬಂದರೂ ತಡೆಯದ ಈ ಫಂಕ್ಷನ್ನಿನ ಮೂಲಕವೂ ತಾನೇ ಹರಡುವ ಪ್ರೋಗ್ರಾಂ ಆದ 1988ರ ಮಾರಿಸ್ ವರ್ಮ್ ಕಂಪ್ಯೂಟರ್‌ಗಳಿಗೆ ನುಗ್ಗಿತ್ತು. 2011ರ ಸ್ಟ್ಯಾಂಡರ್ಡ್ ಇದನ್ನು ಕಿತ್ತುಹಾಕಿತು. ಟರ್ಬೋ ಸಿ ಕಾಲದ ಗೆಟ್‌ಸಿಎಚ್, ಸಿಎಲ್‌ಆರ್‌ಎಸ್‌ಸಿಆರ್ ಕೂಡ ಸ್ಟ್ಯಾಂಡರ್ಡ್ ಸಿ ಅಲ್ಲ.

ಔಟ್‌ಪುಟ್ ಕಡೆಯ ದೊಡ್ಡ ತಪ್ಪು ಕಲ್ಪನೆಯೆಂದರೆ ಪ್ರಿಂಟ್‌ಎಫ್ ಬರೆದ ಕೂಡಲೇ ಪರದೆಗೆ ಹೋಗುತ್ತದೆ ಎಂಬುದು. ಅದು ಮೊದಲು ಬಫರ್‌ಗೆ ಹೋಗುತ್ತದೆ. ಟರ್ಮಿನಲ್‌ನಲ್ಲಿ ಸಾಮಾನ್ಯವಾಗಿ ಸಾಲು ಮುಗಿದಾಗ, ಫೈಲ್‌ಗೆ ಕಳಿಸುತ್ತಿದ್ದರೆ ಬಫರ್ ತುಂಬಿದಾಗ ಹೊರಬರುತ್ತದೆ. ಪ್ರೋಗ್ರಾಂ ನಡುವೆ ಕ್ರ್ಯಾಶ್ ಆದರೆ ಬಫರ್‌ನಲ್ಲಿ ಉಳಿದದ್ದು ಕಳೆದುಹೋಗಬಹುದು. ಹಾಗಾಗಿ ಪರದೆಯ ಮೇಲೆ ಸಾಲು ಕಾಣದಿದ್ದ ಮಾತ್ರಕ್ಕೆ ಕೋಡ್ ಅಲ್ಲಿಗೆ ತಲುಪಿಲ್ಲ ಎಂದುಕೊಂಡು ತಪ್ಪನ್ನು ಬೇರೆಲ್ಲೋ ಹುಡುಕುತ್ತಾ ಗಂಟೆಗಟ್ಟಲೆ ಕೂರಬೇಡಿ. ಎಫ್‌ಫ್ಲಶ್‌ಗೆ ಎಸ್‌ಟಿಡಿಔಟ್ ಕೊಟ್ಟು ನೋಡಿ. ಅದರ ಸರಿಯಾದ ಜಾಗ ಇದು.

ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಸರಿಯಾದ ಇನ್‌ಪುಟ್ ಒಂದನ್ನೇ ಕೊಟ್ಟು, ಔಟ್‌ಪುಟ್ ಬಂತೆಂದು ರೆಕಾರ್ಡ್‌ಗೆ ಸಹಿ ಹಾಕಬೇಡಿ. ವಯಸ್ಸಿನ ಜಾಗದಲ್ಲಿ ಹೆಸರು ಟೈಪ್ ಮಾಡಿ ನೋಡಿ, ಆಮೇಲೆ ಸಹಿ ಹಾಕಿ.