ಗಾಳಕ್ಕೆ ಬಿದ್ದ ಮೀನಿನ ಲೆಕ್ಕ

1946ರ ಮಾರ್ಚ್ 22ರಂದು ಮೈಸೂರಿನ ಜೆ. ಡಿ ವೆಟ್ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಮೀನು ಸಿಕ್ಕಿತು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ, ಜೀವಂತವೆನಿಸುವಂತೆ ನಿಲ್ಲಿಸುವ ಕಸುಬಿಗೆ ಹೆಸರಾದ ಮನೆತನ ಅವರದು. ಗಾಳದಲ್ಲಿ ಹಿಡಿದ ಮಹಶೀರ್‌ಗಳಲ್ಲಿ ಆ ತೂಕದ ದಾಖಲೆ ಇನ್ನೂ ಅವರ ಹೆಸರಿನಲ್ಲೇ ಇದೆ. ಆದರೆ ಅವರು ಹಿಡಿದ, ಡುಬ್ಬದ ಮಹಶೀರ್ ಎಂಬ ಜಾತಿಯನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಹವ್ಯಾಸಕ್ಕೆ ಗಾಳ ಹಾಕುವವರು ಎಷ್ಟು ಮೀನು ಹಿಡಿಯಬಹುದು? ಇದನ್ನು ಯಾರು, ಹೇಗೆ ನಿರ್ಧರಿಸಬೇಕು?

ಮೊದಲ ಕೆಲಸ ಎಣಿಕೆ. ನೀರಿನೊಳಗಿನ ಮೀನನ್ನು ಒಂದೊಂದಾಗಿ ಎಣಿಸಲಾಗದು. ಅದಕ್ಕೇ ವಿಜ್ಞಾನಿಗಳು ಒಂದಷ್ಟು ಮೀನು ಹಿಡಿದು, ಗುರುತು ಹಾಕಿ ಬಿಡುತ್ತಾರೆ. ಒಂದು ಕೆರೆಯಲ್ಲಿ 100 ಮೀನಿಗೆ ಗುರುತು ಹಾಕಿದರು ಎನ್ನೋಣ. ಕೆಲವು ದಿನಗಳ ಮೇಲೆ ಹಿಡಿದ 50 ಮೀನುಗಳಲ್ಲಿ 5ಕ್ಕೆ ಗುರುತಿದ್ದರೆ, ಕೆರೆಯಲ್ಲಿ ಸುಮಾರು 1000 ಮೀನಿವೆ ಎಂದು ಅಂದಾಜು ಸಿಗುತ್ತದೆ.

ಎರಡನೆಯದು ವಯಸ್ಸು. ಮರದ ಕಾಂಡದಲ್ಲಿರುವಂತೆ ಮೀನಿನ ಹುರುಪೆಯಲ್ಲೂ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲೂ ಬೆಳವಣಿಗೆಯ ಬಳೆಗಳು ಮೂಡುತ್ತವೆ. ಮೀನು ಎಷ್ಟು ಬೇಗ ಬೆಳೆಯುತ್ತದೆ, ಯಾವ ಉದ್ದಕ್ಕೆ ಮೊದಲ ಬಾರಿ ಮೊಟ್ಟೆ ಇಡುತ್ತದೆ, ವರ್ಷಕ್ಕೆ ಎಷ್ಟು ಮೀನು ತಾವಾಗಿಯೇ ಸಾಯುತ್ತವೆ ಎಂಬುದು ತಿಳಿದರೆ, ಸಂತತಿ ಕುಗ್ಗದಂತೆ ಎಷ್ಟು ಹಿಡಿಯಬಹುದೆಂದು ಲೆಕ್ಕ ಹಾಕಬಹುದು. ಆ ಮೊತ್ತವನ್ನು ಗಾಳ ಹಾಕುವವರ ಸಂಖ್ಯೆಗೂ ದಿನಗಳಿಗೂ ಹಂಚಿದಾಗ ತಲಾ ದಿನದ ಮಿತಿ ಹೊರಬೀಳುತ್ತದೆ.

ಸಂಖ್ಯೆಯ ಜೊತೆಗೆ ಅಳತೆಯೂ ಮುಖ್ಯ. ಮರಿಯನ್ನು ಹಿಡಿದರೆ ಅದು ಒಮ್ಮೆಯೂ ಮೊಟ್ಟೆ ಇಡದೆ ಹೋಗುತ್ತದೆ. ತೀರಾ ದೊಡ್ಡ ಹೆಣ್ಣನ್ನು ಹಿಡಿದರೂ ನಷ್ಟವೇ, ಏಕೆಂದರೆ ಅದು ಚಿಕ್ಕ ಹೆಣ್ಣಿಗಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತದೆ. ಅಮೆರಿಕದ ಫ್ಲೋರಿಡಾದ ಅಟ್ಲಾಂಟಿಕ್ ಕರಾವಳಿಯಲ್ಲಿ ಸ್ನೂಕ್ ಎಂಬ ಮೀನಿಗೆ 28ರಿಂದ 32 ಅಂಗುಲದ ಮಿತಿ ಇಟ್ಟಿರುವುದು ಇದಕ್ಕೇ. ಅದರಲ್ಲೂ ಒಬ್ಬರಿಗೆ ದಿನಕ್ಕೆ ಒಂದೇ ಮೀನು, ಉಳಿದದ್ದನ್ನು ನೀರಿಗೆ ಬಿಡಬೇಕು.

ಕರ್ನಾಟಕದ ಪಾಠ ಕಾವೇರಿಯಿಂದ ಬಂದಿದೆ. ಕನಕಪುರ ತಾಲ್ಲೂಕಿನ ಗಾಳಿಬೋರೆ ಶಿಬಿರದಲ್ಲಿ ಹಿಡಿದ ಮಹಶೀರನ್ನು ತೂಕ ಹಾಕಿ ಬಿಟ್ಟುಬಿಡುವುದು ನಿಯಮವಾಗಿತ್ತು. ಗಾಳ ಹಾಕುವವರು ಎಷ್ಟು ಗಂಟೆ ಕುಳಿತರು, ಯಾವ ಮೀನು ಬಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವನ್ಯಜೀವಿ ಕಾನೂನಿನ ಕಾರಣಕ್ಕೆ ಅಲ್ಲಿ ಗಾಳ ನಿಲ್ಲುವವರೆಗೆ, 1998ರಿಂದ 2012ರವರೆಗಿನ ಆ ಬರಹವನ್ನು ಸಂಶೋಧಕರು ಜಾಲಾಡಿದರು.

ಗಂಟೆಗೆ ಬೀಳುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೇಲ್ನೋಟಕ್ಕೆ ಶುಭಸುದ್ದಿ! ಆದರೆ ಸರಾಸರಿ ತೂಕ ಇಳಿದಿತ್ತು, ಡುಬ್ಬದ ಮಹಶೀರ್‌ನ ಪಾಲು ಕುಸಿದಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಮಹಾರಾಷ್ಟ್ರದ ಲೋನಾವಳಾದ ಮರಿ ಕೇಂದ್ರದಿಂದ ತಂದು, 1970ರ ದಶಕದಿಂದ ಕಾವೇರಿಗೆ ಬಿಟ್ಟ ಮೀನು. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದ್ದರೆ ಸ್ಥಳೀಯ ಜಾತಿಯ ಅವಸಾನ ಕಣ್ಣಿಗೇ ಬೀಳುತ್ತಿರಲಿಲ್ಲ. ಆ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಗಿದ್ದೇ 2018ರಲ್ಲಿ.

ಹಿಡಿದದ್ದನ್ನೆಲ್ಲ ನೀರಿಗೆ ಬಿಟ್ಟ ಕಡೆಯಲ್ಲೇ ಸ್ಥಳೀಯ ಮೀನು ಕುಗ್ಗಿತೆಂದರೆ ಮಿತಿ ವ್ಯರ್ಥ ಎಂದಲ್ಲ. ಸಿಡಿಮದ್ದಿನ ಬೇಟೆ, ಮರಳು ಗಣಿಗಾರಿಕೆ, ಅಣೆಕಟ್ಟೆ, ಹೊರಗಿನ ಮೀನು ಇವುಗಳನ್ನು ತಡೆಯದೆ ಗಾಳಕ್ಕೆ ಮಾತ್ರ ಮಿತಿ ಹಾಕಿದರೆ ಸಾಲದು ಎಂಬುದೇ ಇದರ ಅರ್ಥ.

ಮೈಸೂರಿನ ಸುತ್ತಮುತ್ತ ಗಾಳ ಹಾಕುವವರು ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದೇ ನೀರಿಗಿಳಿಯಲಿ. ಮಳೆಗಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನೂ, ಮರಿಗಳನ್ನೂ ಒದ್ದೆ ಕೈಯಲ್ಲಿ ಹಿಡಿದು ಬೇಗ ನೀರಿಗೆ ಬಿಡಲಿ. ಹಿಡಿದ ಜಾತಿ, ಉದ್ದ, ಹೊತ್ತು ಬರೆದಿಡಲಿ. ಇಲಾಖೆಯೂ ಆ ಲೆಕ್ಕವನ್ನು ಕೇಳಿ ಪಡೆದು, ಕಬಿನಿ ಮತ್ತು ಕಾವೇರಿಗೆ ಜಾತಿವಾರು ಮಿತಿಯನ್ನು ಅದರ ಆಧಾರದ ಮೇಲೆಯೇ ನಿಗದಿ ಮಾಡಬೇಕು.