ಕ್ಯಾಮೆರಾ ನೋಡುತ್ತಿದೆ, ಮೇಲ್ ಮಾತ್ರ ಬರುತ್ತಿಲ್ಲ

ಮನೆಗೆ ಹಾಕಿಸಿದ ಸಿಸಿ ಕ್ಯಾಮೆರಾ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಅದು ಕಳಿಸುತ್ತಿದ್ದ ಎಚ್ಚರಿಕೆಯ ಮೇಲ್ ನಿಂತುಹೋದರೆ ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಮೇಲ್ ಬರಲಿಲ್ಲವೆಂದರೆ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ ಎಂದೇ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಊರಿನ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ದುಡಿಯುವ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ. ಇಂಥ ಮನೆಗಳಿಗೆ ಈ ಸುಳ್ಳು ನೆಮ್ಮದಿ ನಿಜವಾಗಿಯೂ ಅಪಾಯಕಾರಿ.

ಮೇಲ್ ನಿಂತಾಗ ಕ್ಯಾಮೆರಾ ಹಳತಾಯಿತು, ಬದಲಿಸಬೇಕು ಎಂಬ ಸಲಹೆ ಬೇಗ ಸಿಗುತ್ತದೆ. ಹಲವು ಸಲ ಕ್ಯಾಮೆರಾದಲ್ಲೂ ಅದರ ದೃಶ್ಯ ದಾಖಲಿಸಿ ಮೇಲ್ ಕಳಿಸುವ ಡಿವಿಆರ್‌ನಲ್ಲೂ ಏನೂ ಕೆಟ್ಟಿರುವುದಿಲ್ಲ. ಡಿವಿಆರ್ ಒಳಗಿನ ತಂತ್ರಾಂಶ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೇ ಉಳಿದಿರುತ್ತದೆ. ಅದು ಯಾರೊಂದಿಗೆ ಮಾತಾಡಬೇಕೋ ಆ ಮೇಲ್ ಸರ್ವರ್ ಮಾತ್ರ ವರ್ಷದಿಂದ ವರ್ಷಕ್ಕೆ ತನ್ನ ನಿಯಮ ಬದಲಿಸುತ್ತಾ ಹೋಗಿರುತ್ತದೆ.

ಆ ಮಾತುಕತೆ ನಡೆಯುವುದು ಎಸ್‌ಎಂಟಿಪಿ ಎಂಬ ಪದ್ಧತಿಯಲ್ಲಿ. ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಅದರ ನಿಯಮಾವಳಿಯಲ್ಲಿ ಪಾಸ್‌ವರ್ಡ್ ಎಂಬುದೇ ಇರಲಿಲ್ಲ. ಅಂದಿನ ಪುಟ್ಟ ಜಾಲದಲ್ಲಿ ಯಾರು ಬೇಕಾದರೂ ಯಾವ ಸರ್ವರಿಗಾದರೂ ಪತ್ರ ಒಪ್ಪಿಸಬಹುದಿತ್ತು. ಕಳಿಸುವವರ ಗುರುತು ಕೇಳುವ ವಿಧಾನ ಅದಕ್ಕೆ ಸೇರಿದ್ದು 1999ರಲ್ಲಿ. ಆಗಲೂ ಪಾಸ್‌ವರ್ಡ್ ಸಾಮಾನ್ಯವಾಗಿ ಬೇಸ್64 ಎಂಬ ರೂಪದಲ್ಲಿ ಹೋಗುತ್ತಿತ್ತು. ಅದು ಗೂಢಲಿಪಿಯಲ್ಲ, ಅಕ್ಷರಗಳನ್ನು ಬೇರೆ ಅಕ್ಷರಗಳಲ್ಲಿ ಬರೆಯುವ ಕ್ರಮವಷ್ಟೇ. ದಾರಿಯಲ್ಲಿ ಕಂಡವರು ಕ್ಷಣದಲ್ಲಿ ಬಿಡಿಸಿಕೊಳ್ಳಬಹುದು. ಆದ್ದರಿಂದಲೇ ಇಡೀ ಮಾತುಕತೆಯನ್ನು ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆಯೊಳಗೆ ನಡೆಸಬೇಕಾಯಿತು.

ಡಿವಿಆರ್‌ಗಳನ್ನು ಹೆಚ್ಚಾಗಿ ಕಾಡಿದ ಬದಲಾವಣೆ ಬಂದದ್ದು 2022ರ ಮೇ 30ರಂದು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಸಾಧನಗಳಿಗೆ ಜಿಮೇಲ್‌ನ ವೈಯಕ್ತಿಕ ಖಾತೆಗಳ ಬಾಗಿಲನ್ನು ಗೂಗಲ್ ಅಂದಿನಿಂದ ಮುಚ್ಚತೊಡಗಿತು. ಅದರ ಬದಲಿಗೆ ಇರುವುದು ಆ್ಯಪ್ ಪಾಸ್‌ವರ್ಡ್. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಸಿಕೊಂಡರೆ ಗೂಗಲ್ 16 ಅಕ್ಷರಗಳ ಗುಟ್ಟೊಂದನ್ನು ಕೊಡುತ್ತದೆ. ಡಿವಿಆರ್‌ನ ಪಾಸ್‌ವರ್ಡ್ ಜಾಗದಲ್ಲಿ ಅದನ್ನು ನಡುವೆ ಖಾಲಿ ಬಿಡದೆ ತುಂಬಬೇಕು. ಮುಂದೆ ಎಂದಾದರೂ ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಈ 16 ಅಕ್ಷರಗಳೂ ರದ್ದಾಗುತ್ತವೆ. ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಿದ ವಾರವೇ ಊರಿನ ಮನೆಯ ಮೇಲ್ ನಿಂತರೆ ಕಾರಣ ಇದೇ ಇರಬಹುದು. ಮೈಕ್ರೋಸಾಫ್ಟ್ ಇನ್ನೂ ಬಿಗಿ. 2024ರ ಸೆಪ್ಟೆಂಬರ್ 16ರಿಂದ ಔಟ್‌ಲುಕ್, ಹಾಟ್‌ಮೇಲ್‌ನ ವೈಯಕ್ತಿಕ ಖಾತೆಗಳಲ್ಲಿ ಹಳೆಯ ರೀತಿಯ ಪ್ರವೇಶ ನಿಂತಿದೆ. ಹೊಸ ರೀತಿ ಬಲ್ಲ ಡಿವಿಆರ್‌ಗಳು ವಿರಳ. ಅಂಥ ಡಿವಿಆರ್ ಇಲ್ಲದವರು ಕಳಿಸುವ ಖಾತೆಯನ್ನೇ ಬದಲಿಸುವುದು ಸುಲಭ.

ಈ ಬಿಗಿಯನ್ನು ನಾನು ಒಪ್ಪುತ್ತೇನೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು ವಶಪಡಿಸಿಕೊಂಡು, ಅವುಗಳಿಂದಲೇ ದೊಡ್ಡ ದೊಡ್ಡ ಜಾಲತಾಣಗಳನ್ನು ಉರುಳಿಸಿತು. ಬ್ಯಾಂಕಿನ ಓಟಿಪಿ ಬರುವ ಖಾತೆಯ ಗುಟ್ಟನ್ನು ಇಂಥ ಪೆಟ್ಟಿಗೆಯೊಳಗೆ ಇಡಲೇಬಾರದು. ಕ್ಯಾಮೆರಾಕ್ಕೆಂದೇ ಬೇರೆ ಖಾತೆ ತೆರೆಯಿರಿ. ಆದರೆ ಆ ಖಾತೆಯ ಇನ್‌ಬಾಕ್ಸನ್ನು ಆಗಾಗ ತೆರೆದೂ ನೋಡಿ. ನಿಯಮ ಬದಲಾಗುವ ಮುನ್ನ ಕಂಪನಿ ಕೊಡುವ ಸೂಚನೆ ಬರುವುದು ಅಲ್ಲಿಗೇ.

ದೋಷ ಹುಡುಕಲು ಡಿವಿಆರ್‌ನ ಮೇಲ್ ಪುಟದಲ್ಲಿರುವ ‘ಟೆಸ್ಟ್’ ಗುಂಡಿಯಿಂದ ಶುರುಮಾಡುವುದು ಒಳ್ಳೆಯದು. ಒಂದೇ ಒತ್ತಿಗೆ ಅದು ಸಮಸ್ಯೆಯನ್ನು ಎರಡು ಹೋಳು ಮಾಡಿಕೊಡುತ್ತದೆ. ಪರೀಕ್ಷೆಯ ಮೇಲ್ ಬಂತೆಂದರೆ ಪಾಸ್‌ವರ್ಡ್, ಇಂಟರ್‌ನೆಟ್, ಸರ್ವರ್ ಎಲ್ಲ ಸರಿ. ದೋಷ ಚಲನೆಯನ್ನು ಗುರುತಿಸುವ ಕಡೆಯಲ್ಲೋ ವೇಳಾಪಟ್ಟಿಯಲ್ಲೋ ಇದೆ. ಬರಲಿಲ್ಲವೆಂದರೆ, ಕಳಿಸುವ ಖಾತೆಯ ‘ಸೆಂಟ್’ ಪೆಟ್ಟಿಗೆ ನೋಡಿ. ಅಲ್ಲಿ ಮೇಲ್ ಇದ್ದರೆ ಡಿವಿಆರ್ ತನ್ನ ಕೆಲಸ ಮಾಡಿದೆ, ಹುಡುಕಬೇಕಾದದ್ದು ನಿಮ್ಮ ಸ್ಪ್ಯಾಮ್ ಪೆಟ್ಟಿಗೆಯನ್ನು. ಪರದೆಯ ಮೇಲೆ 535 ಎಂಬ ಸಂಖ್ಯೆ ಕಂಡರೆ ಸರ್ವರ್ ಸಿಕ್ಕಿದೆ, ಪಾಸ್‌ವರ್ಡ್ ಒಪ್ಪಲಿಲ್ಲ ಎಂದರ್ಥ. ಸರ್ವರೇ ಸಿಗಲಿಲ್ಲ ಎಂದು ಬಂದರೆ ಮನೆಯ ಜಾಲವನ್ನು ನೋಡಬೇಕು. ಹಳೆಯ ರೂಟರಿನ ವಿಳಾಸ 192.168.1.1 ಇದ್ದು ಹೊಸದರದ್ದು 192.168.0.1 ಆಗಿದ್ದರೆ, ಒಂದೇ ವಿಳಾಸಕ್ಕೆ ಕಟ್ಟಿಹಾಕಿದ ಡಿವಿಆರ್, ಈಗ ಇಲ್ಲದ ರೂಟರಿನ ಬಾಗಿಲು ತಟ್ಟುತ್ತಿರುತ್ತದೆ. ಮನೆಯ ಟಿವಿಯಲ್ಲಿ ಚಿತ್ರ ಮಾತ್ರ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಅದು ರೂಟರನ್ನು ಹಾಯ್ದು ಬರುವುದಿಲ್ಲ. ಪೋರ್ಟ್ ಸಂಖ್ಯೆಯನ್ನೂ ಗಮನಿಸಿ: 465 ಮೊದಲ ಕ್ಷಣದಿಂದಲೇ ಹೊದಿಕೆ ಕೇಳುತ್ತದೆ, 587 ತೆರೆದ ಮಾತಿನಿಂದ ಶುರುವಾಗಿ ನಡುವೆ ಹೊದಿಕೆ ಹೊದೆಯುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಮಾತುಕತೆ ಶುರುವಾಗುವುದೇ ಇಲ್ಲ. ಸ್ಪ್ಯಾಮ್ ತಡೆಯಲು 25ನೆಯ ಪೋರ್ಟನ್ನು ಅನೇಕ ಇಂಟರ್‌ನೆಟ್ ಕಂಪನಿಗಳು ಮುಚ್ಚಿಟ್ಟಿವೆ.

ಬೇಗ ಹೊಳೆಯದ ಕಾರಣವೊಂದಿದೆ: ಗಡಿಯಾರ. ಕರೆಂಟ್ ಹೋದಾಗ ಡಿವಿಆರ್‌ನ ಗಡಿಯಾರವನ್ನು ನಡೆಸುವುದು ಒಳಗಿರುವ ಒಂದು ನಾಣ್ಯದಾಕಾರದ ಬ್ಯಾಟರಿ. ಅದು ಸತ್ತರೆ ಕರೆಂಟ್ ಬಂದೊಡನೆ ಯಂತ್ರ 2000ನೆಯ ಇಸವಿಗೋ 1970ಕ್ಕೋ ಮರಳಬಹುದು. ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಆರಂಭದ ದಿನಾಂಕವೂ ಕೊನೆಯ ದಿನಾಂಕವೂ ಇರುತ್ತವೆ. 1970ರಲ್ಲಿ ನಿಂತು ನೋಡುವ ಯಂತ್ರಕ್ಕೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ. ಪರಿಶೀಲಿಸುವ ಯಂತ್ರವಾದರೆ ಮಾತುಕತೆ ಮುರಿಯುತ್ತದೆ. ಎನ್‌ಟಿಪಿ ಆಯ್ಕೆ ಹಾಕಿಟ್ಟರೆ ಸಮಯವನ್ನು ಅದು ಇಂಟರ್‌ನೆಟ್‌ನಿಂದಲೇ ತಿದ್ದಿಕೊಳ್ಳುತ್ತದೆ. ಕಳವಾದ ಮೇಲೆ ಪೊಲೀಸರಿಗೆ ಕೊಡುವ ದೃಶ್ಯದ ಮೇಲಿನ ಸಮಯವೂ ಇದರಿಂದಲೇ ಸರಿಯಾಗುತ್ತದೆ. ಇನ್ನು ಟಿಎಲ್‌ಎಸ್‌ನ 1.0, 1.1 ಆವೃತ್ತಿಗಳನ್ನು ಅಂತರಜಾಲದ ಮಾನದಂಡ ರೂಪಿಸುವ ಐಇಟಿಎಫ್ 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಕೈಬಿಟ್ಟಿತು. ಅವೆರಡನ್ನೇ ಬಲ್ಲ ಪೆಟ್ಟಿಗೆಗೆ ತಯಾರಕರು ಹೊಸ ಫರ್ಮ್‌ವೇರ್ ಕೊಡದಿದ್ದರೆ, ಮೇಲ್ ಬಿಟ್ಟು ಕಂಪನಿಯ ಆ್ಯಪ್‌ನಲ್ಲಿ ಬರುವ ಸೂಚನೆಗಳನ್ನೇ ನೆಚ್ಚಬೇಕಾಗುತ್ತದೆ.

ಎಚ್ಚರಿಕೆ ಹೆಚ್ಚಾದರೂ ಎಚ್ಚರಿಕೆ ನಿಲ್ಲುತ್ತದೆ. ಹಳೆಯ ಕ್ಯಾಮೆರಾಗಳಿಗೆ ಮನುಷ್ಯ ಯಾರು, ನೆರಳು ಯಾವುದು ಎಂಬ ಭೇದವಿಲ್ಲ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಇರುವ ವ್ಯತ್ಯಾಸವೇ ಅವಕ್ಕೆ ಚಲನೆ. ಲೆನ್ಸಿನ ಮುಂದೆ ಕಟ್ಟಿದ ಜೇಡರ ಬಲೆ ಇರುಳಿನಲ್ಲಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆಯುತ್ತದೆ, ಗಾಳಿಗೆ ತೂಗುತ್ತದೆ. ನಿಮಿಷಕ್ಕೊಂದು ಮೇಲ್ ಹೊರಟಿತೆಂದುಕೊಳ್ಳಿ. ಜಿಮೇಲ್‌ನ ವೈಯಕ್ತಿಕ ಖಾತೆಯಿಂದ ದಿನಕ್ಕೆ ಕಳಿಸಬಹುದಾದದ್ದು 500. ಸಂಜೆ 7ಕ್ಕೆ ಶುರುವಾದರೆ ನಸುಕಿನ 3 ಗಂಟೆ 20 ನಿಮಿಷಕ್ಕೆ ಮಿತಿ ಮುಗಿಯುತ್ತದೆ. ಆಮೇಲೆ ಗೋಡೆ ಹಾರಿ ಬಂದವನ ಚಿತ್ರ ಡಿವಿಆರ್‌ನಲ್ಲೇ ಉಳಿಯುತ್ತದೆ, ಮೇಲ್ ಹೊರಡುವುದಿಲ್ಲ. ಜಾಗದ ಲೆಕ್ಕವೂ ಹೀಗೆಯೇ. 300 ಕೆಬಿಯ ಮೂರು ಚಿತ್ರಗಳು ಬೇಸ್64 ರೂಪ ತಾಳಿದಾಗ ಮೂರನೇ ಒಂದರಷ್ಟು ಹಿಗ್ಗಿ ಸುಮಾರು 1.2 ಎಂಬಿ ಆಗುತ್ತವೆ. ದಿನಕ್ಕೆ ಇಂಥ 200 ಮೇಲ್ ಬಂದರೆ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಎರಡೇ ತಿಂಗಳಲ್ಲಿ ತುಂಬುತ್ತದೆ; ತುಂಬಿದ ಖಾತೆಗೆ ಮೇಲ್ ಬರುವುದಿಲ್ಲ. ಹಾಗಾಗಿ ಮೆತ್ತನೆಯ ಬಟ್ಟೆಯಿಂದ ಬಲೆ ಒರೆಸುವುದು, ಗಾಳಿಗೆ ಆಡುವ ತೆಂಗಿನ ಗರಿಯಿರುವ ಭಾಗವನ್ನು ಚಲನೆಯ ವಲಯದಿಂದ ಹೊರಗಿಡುವುದು, ಎರಡು ಮೇಲ್‌ಗಳ ನಡುವೆ ಅಂತರ ಹೆಚ್ಚಿಸುವುದು ಪಾಸ್‌ವರ್ಡ್ ತಿದ್ದುವಷ್ಟೇ ಮುಖ್ಯ.

ಇಷ್ಟೆಲ್ಲ ಸರಿಮಾಡಿದರೂ ಮೌನದ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಎಂಜಿನಿಯರುಗಳ ಉತ್ತರ ಹಳೆಯದು: ಸುದ್ದಿ ಇಲ್ಲದಾಗಲೂ ಸುದ್ದಿ ಕಳಿಸುವುದು. ನಮ್ಮ ರೈಲು ಎಂಜಿನ್ನುಗಳಲ್ಲೂ ಲೋಕೋ ಪೈಲಟ್ ಸ್ವಲ್ಪ ಹೊತ್ತು ಯಾವ ಗುಂಡಿಯನ್ನೂ ಮುಟ್ಟದಿದ್ದರೆ ಎಚ್ಚರಿಸಿ, ಆಗಲೂ ಸ್ಪಂದಿಸದಿದ್ದರೆ ಬ್ರೇಕ್ ಹಾಕುವ ಸಾಧನವಿದೆ. ಕೆಲವು ಡಿವಿಆರ್‌ಗಳ ಮೇಲ್ ಪುಟದಲ್ಲಿ ‘ಹೆಲ್ತ್ ಮೇಲ್’ ಎಂಬ ಆಯ್ಕೆ ಇದೇ ಕೆಲಸಕ್ಕೆ ಇದೆ. ಅದರಲ್ಲಿ 1440 ನಿಮಿಷ ಎಂದು ತುಂಬಿದರೆ ದಿನಕ್ಕೊಂದು ಮೇಲ್ ತಾನಾಗಿ ಬರುತ್ತದೆ. ಅದು ಬಾರದ ದಿನ ಊರಿಗೆ ಫೋನ್ ಮಾಡಿ, ಕರೆಂಟ್ ಇದೆಯೇ, ರೂಟರಿನ ದೀಪ ಉರಿಯುತ್ತಿದೆಯೇ ಎಂದು ಕೇಳಿ. ಆ ಆಯ್ಕೆ ಇಲ್ಲದ ಡಿವಿಆರ್ ಆದರೆ, ವಾರಕ್ಕೊಮ್ಮೆ ‘ಟೆಸ್ಟ್’ ಗುಂಡಿ ಒತ್ತಲು ಮನೆಯಲ್ಲಿ ಯಾರಿಗಾದರೂ ಹೇಳಿಕೊಡಿ.